ಮೂರನೆಯ ತಿರುವಿನಲ್ಲಿ ನಿಲ್ಲುವ ನೆರಳು

ಫಲಿತಾಂಶ ಮೊದಲೇ ಗೊತ್ತಾದರೆ ರೇಸು ನೋಡಲು ಯಾರು ಬರುತ್ತಾರೆ ಎಂದು ಹೊರಗಿನವರು ಕೇಳುತ್ತಾರೆ. ನಮ್ಮ ಕರಡಿಗುಡ್ಡಕ್ಕೆ ಮೊದಲಿಗಿಂತ ಹೆಚ್ಚು ಜನ ಬರುತ್ತಾರೆ. ಅವರು ನೋಡಲು ಬರುವುದು ಗಾಡಿಗಳನ್ನಲ್ಲ, ಹೇಳಿದ್ದು ಹೇಳಿದ ಹಾಗೆಯೇ ನಡೆಯುವುದನ್ನು.

ಗಣಿ ನಿಂತು ಬಹಳ ಕಾಲವಾಯಿತು. ಅದಿರಿಗಾಗಿ ಗುಡ್ಡವನ್ನು ಮೇಲಿಂದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಆ ಮೆಟ್ಟಿಲುಗಳ ಮೇಲೆ ಲಾರಿಗಳು ಸುತ್ತಿ ಸುತ್ತಿ ಇಳಿಯುತ್ತಿದ್ದ ಕೆಂಪು ದಾರಿಯೇ ಈಗ ರೇಸಿನ ದಾರಿ. ದಾರಿ ಕಿರಿದು, ಒಂದು ಕಡೆ ಗೋಡೆ, ಇನ್ನೊಂದು ಕಡೆ ಆಳ. ಆದ್ದರಿಂದ ಗಾಡಿಗಳನ್ನು ಒಂದೊಂದಾಗಿಯೇ ಬಿಡುತ್ತಾರೆ, ಗಡಿಯಾರ ನೋಡಿ ಗೆದ್ದವರನ್ನು ಹೇಳುತ್ತಾರೆ. ಇಂಥ ಆರು ಗಣಿಗಳಲ್ಲಿ ಆರು ರೇಸು ನಡೆದರೆ ಒಂದು ಹಂಗಾಮು ಮುಗಿಯಿತು. ಓಡಿಸುವವರು ಹೆಚ್ಚಾಗಿ ಹಳೆಯ ಅದಿರು ಲಾರಿ ಡ್ರೈವರುಗಳ ಮಕ್ಕಳು.

ಮುನ್ನೋಟ ಹೊರಬೀಳುವುದು ಸಂಕ್ರಾಂತಿ ಮುಗಿದ ಮೇಲೆ. ಅದರಲ್ಲಿ ಮಾಟಮಂತ್ರವೇನಿಲ್ಲ. ಪ್ರತಿ ಗಾಡಿಯ ಸ್ಟೇರಿಂಗಿಗೆ ಒಂದು ಕೈಪಟ್ಟಿ ಸುತ್ತಿರುತ್ತಾರೆ. ನೋಡಲು ಲಾರಿ ಸ್ಟೇರಿಂಗಿಗೆ ಸುತ್ತುವ ರೆಕ್ಸಿನ್ ಪಟ್ಟಿಯ ಹಾಗೆಯೇ ಇರುತ್ತದೆ, ಒಳಗೆ ಕೂದಲಿಗಿಂತ ಸಣ್ಣ ತಂತಿಗಳು. ಬೆರಳು ಎಲ್ಲಿ ಬಿಗಿಯಿತು, ಎಲ್ಲಿ ಸಡಿಲವಾಯಿತು, ಕಾಲು ಬ್ರೇಕಿಗೆ ಹೋಗುವ ಮೊದಲು ಅಂಗೈಯ ನಾಡಿ ಹೇಗೆ ಹಾರಿತು ಎಂಬುದೆಲ್ಲ ಅದರಲ್ಲಿ ಉಳಿಯುತ್ತದೆ. ಎರಡು ಹಂಗಾಮು ಹೀಗೆ ಉಳಿದದ್ದನ್ನು ಕೂಡಿಸಿದರೆ ಯಂತ್ರಕ್ಕೆ ಆ ಚಾಲಕನ ರೂಢಿ ಪೂರ್ತಿ ಸಿಗುತ್ತದೆ. ಆ ರೂಢಿಗೆ ಎಲ್ಲರೂ ನೆರಳು ಎನ್ನುತ್ತಾರೆ. ನೆರಳನ್ನು ಯಂತ್ರದೊಳಗಿನ ಲೆಕ್ಕದ ಗಣಿಯಲ್ಲಿ ಬಿಟ್ಟು, ಮಳೆ ಸುರಿಸಿ, ದೂಳು ಎಬ್ಬಿಸಿ, ಟೈರು ಒಡೆಸಿ, ಬರುವ ಹಂಗಾಮನ್ನು ಹತ್ತು ಸಾವಿರ ಸಲ ಓಡಿಸುತ್ತಾರೆ. ಅದರ ಸರಾಸರಿಯೇ ಮುನ್ನೋಟ.

ಮೊದಲ ವರ್ಷ ಜನ ನಕ್ಕರು. ಎರಡನೆಯ ವರ್ಷ ಸುಮ್ಮನಾದರು. ಈಗ ಗೆದ್ದವನ ಫ್ಲೆಕ್ಸು ರೇಸಿಗೆ ಮೊದಲೇ ಛಾಪಾಗಿ ಬರುತ್ತದೆ. ಹೆಣ್ಣು ಕೊಡುವವರು ಜಾತಕದ ಜೊತೆ ಹುಡುಗನ ಮುನ್ನೋಟ ಎಷ್ಟನೆಯದು ಎಂದು ಕೇಳುತ್ತಾರೆ. ಒಂಬತ್ತನೆಯವನು ಎಂದು ಹೇಳಿಸಿಕೊಂಡವನು ಒಂಬತ್ತನೆಯವನ ಹಾಗೆ ನಡೆಯುತ್ತಾನೆ, ಒಂಬತ್ತನೆಯವನ ಹಾಗೆ ನಗುತ್ತಾನೆ, ಗಾಡಿ ಹತ್ತಿದರೆ ಒಂಬತ್ತನೆಯವನಾಗಿಯೇ ಇಳಿಯುತ್ತಾನೆ. ಯಂತ್ರ ಕಂಡದ್ದು ಅವನ ಕೈಯನ್ನೋ, ಅವನು ಮುಂದೆ ನಂಬಿಬಿಡುವುದನ್ನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಯಾರನ್ನೂ ಕೇಳಿಲ್ಲ. ನನಗೆ ಮಾತು ಕಡಿಮೆ.

ಆ ವರ್ಷ ನನ್ನ ಹೆಸರೂ ಮುನ್ನೋಟದಲ್ಲಿತ್ತು. ಹಿಂದಿನ ಹಂಗಾಮಿನಲ್ಲಿ ಸಣ್ಣ ಗಾಡಿಗಳ ರೇಸು ಓಡಿಸಿದ್ದೆ. ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ದೊಡ್ಡ ರೇಸಿನ ಹತ್ತು ಸೀಟಿಗೆ ಹನ್ನೆರಡು ಮಂದಿ ಕಾಯುತ್ತಿದ್ದೆವು. ಮುನ್ನೋಟದಲ್ಲಿ ಹತ್ತರ ಒಳಗೆ ಬಾರದಿದ್ದರೆ ಮತ್ತೆ ನನ್ನನ್ನು ಯಾರೂ ಕರೆಯುವುದಿಲ್ಲ ಎಂದು ಗೊತ್ತಿತ್ತು. ಗಾಡಿ ಬಿಟ್ಟರೆ ನನಗೆ ಬೇರೇನೂ ಬಾರದು.

‘ನಾಕನೇದು ಬೇ ಹುಲಿಗಿ,’ ಎಂದ ನಮ್ಮ ತಂಡ ನೋಡಿಕೊಳ್ಳುವ ಕೊಟ್ರೇಶಣ್ಣ, ಶೆಡ್ಡಿನ ಬಾಗಿಲಲ್ಲಿ ನಿಂತು. ‘ಹುಲಿಗೆಮ್ಮ, ನಾಕನೇದು. ಎರಡು ಸಲ ಕನ್ನಡಕ ಒರಸ್ಕೊಂಡು ಓದಿದೆ.’

‘ಎಲ್ಲೋ ತಪ್ಪಾಗೈತಿ ಅಣ್ಣ.’

‘ತಪ್ಪಾಗಿದ್ರ ಆಗ್ಲಿ ಬಿಡು. ಯಂತ್ರಕ್ಕ ನಿನ್ಮ್ಯಾಲ ಮನಸಾಗೈತಿ. ನೀನ್ಯಾಕ ಅದರ ಮನಸು ಮುರೀತಿ?’

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಅಂದು ಎಲ್ಲರೂ ನನಗೆ ದಾರಿ ಬಿಟ್ಟು ನಿಂತರು. ನಾಲ್ಕನೆಯವರಿಗೆ ಜನ ಹಾಗೆ ದಾರಿ ಬಿಡುತ್ತಾರೆ.

ಮನೆಗೆ ಬಂದಾಗ ಅವ್ವ ರೊಟ್ಟಿ ತಟ್ಟುತ್ತಿದ್ದಳು. ಸುದ್ದಿ ನನಗಿಂತ ಮೊದಲೇ ಬಂದಿತ್ತು. ಬಾಗಿಲಿಗೆ ಯಾರೋ ಚೆಂಡುಹೂವಿನ ಸರ ಕಟ್ಟಿ ಹೋಗಿದ್ದರು. ಅವ್ವ ನನ್ನ ಮುಖ ನೋಡಲಿಲ್ಲ. ಒದ್ದೆ ಕೈಯಲ್ಲೇ ನನ್ನ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ, ಬಹಳ ಹೊತ್ತು ನೋಡಿದಳು.

‘ನಾಕನೇದು ಅಂದ್ರು,’ ಎಂದೆ.

‘ನಿಮ್ಮಣ್ಣ ಎರಡನೇದು ಬಂದಿದ್ದ,’ ಎಂದಳು. ‘ಆಗ್ಲಿ. ಎಲ್ಲಿಗಿ ಹೋಗ್ತಾನ ಅವ.’

ಅಣ್ಣ ಪಂಪಾಪತಿ ಹೋಗಿ ಎರಡು ಮಳೆಗಾಲ ಕಳೆದಿದ್ದವು. ಅವ್ವನ ಮಾತಿನಲ್ಲಿ ಅವನು ಯಾವಾಗ ಇರುತ್ತಾನೆ, ಯಾವಾಗ ಇರುವುದಿಲ್ಲ ಎಂದು ಹೇಳಲಾಗುತ್ತಿರಲಿಲ್ಲ.

ಎರಡು ದಿನ ಬಿಟ್ಟು ತಸ್ಲೀಮ ನನ್ನನ್ನು ಲೆಕ್ಕದ ಕೋಣೆಗೆ ಕರೆಸಿದಳು. ಹಿಂದೆ ಅದಿರು ಲಾರಿಗಳನ್ನು ತೂಗುತ್ತಿದ್ದ ಮನೆ ಅದು. ಈಗ ಒಳಗೆ ಎ.ಸಿ. ಹಾಕಿ ಯಂತ್ರ ಕೂರಿಸಿದ್ದಾರೆ. ತಸ್ಲೀಮ ನನ್ನ ಜೊತೆ ಏಳನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕೂತವಳು. ನಾನು ಬಿಟ್ಟೆ, ಅವಳು ಓದಿದಳು. ನೆರಳುಗಳನ್ನು ಓಡಿಸಿ ನೋಡುವ ಕೆಲಸ ಅವಳದು.

‘ಬಾಗಲಾ ಹಾಕು,’ ಎಂದಳು. ‘ಒಂದು ತೋರಸ್ತೀನಿ. ಮೇಲಿನೋರಿಗೆ ಇನ್ನಾ ಹೇಳಿಲ್ಲ.’

ಪರದೆಯ ಮೇಲೆ ಕರಡಿಗುಡ್ಡದ ದಾರಿ ಬಿಳಿ ಗೆರೆಯಾಗಿ ಸುರುಳಿ ಸುತ್ತಿಕೊಂಡಿತ್ತು. ಅದರ ಮೇಲೆ ಒಂದು ಕಪ್ಪು ಚುಕ್ಕೆ ಇಳಿಯುತ್ತಿತ್ತು.

‘ಇದು ನಿನ್ನ ನೆರಳು. ನೋಡು, ಎಷ್ಟು ಚಂದ ಬರ್ತೈತಿ. ಒಂದನೇ ತಿರುವು, ಎರಡನೇದು. ಈಗ ನೋಡು.’

ಮೂರನೆಯ ತಿರುವಿನಲ್ಲಿ ಚುಕ್ಕೆ ದಾರಿ ಬಿಟ್ಟು ಹೊರಗಿನ ಅಂಚಿಗೆ ಸರಿಯಿತು. ನಿಂತಿತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನಿಂತು, ಮತ್ತೆ ದಾರಿಗೆ ಬಂದು ಹೊರಟಿತು.

‘ಮೊನ್ನೆ ತನಕ ಯಂತ್ರದಾಗ ಹಳೇ ನಕ್ಷೆ ಇತ್ತು,’ ಎಂದಳು ತಸ್ಲೀಮ. ‘ಅಂಚು ಕುಸಿದ ಮ್ಯಾಲ ಅಳತಿ ಮಾಡಿದ ಹೊಸ ನಕ್ಷೆ ನಿನ್ನೆ ಬಂತು. ಅದನ್ನ ಮ್ಯಾಲ ಇಟ್ಟು ನೋಡ್ದೆ. ಈ ಚುಕ್ಕಿ ನಿಲ್ಲೋ ಜಾಗದಾಗ ಈಗ ನೆಲ ಇಲ್ಲ ಹುಲಿಗಿ. ಗಾಳಿ ಮ್ಯಾಲ ನಿಂತೈತಿ.’

ನಾನು ಪರದೆಯ ಹತ್ತಿರ ಹೋದೆ.

‘ಬ್ಯಾರೆ ಗಣಿಗಳಾಗೂ ಹಿಂಗ. ಮುಂದ ಕಾಣದ ಕುರುಡು ತಿರುವು ಬಂದ್ರ ಸಾಕು, ಅಂಚಿಗಿ ಹೋಗಿ ನಿಲ್ತೈತಿ. ನಿಂತ್ಕಂಡೂ ನಾಕನೇದು. ನಿಲ್ಲದಿದ್ರ ಎರಡನೇದು ಬರ್ತಿತ್ತು, ಲೆಕ್ಕಾ ಹಾಕೀನಿ. ಹಿಂದ ಗಾಡಿ ಇಲ್ಲ, ಮುಂದ ಗಾಡಿ ಇಲ್ಲ. ಒಂದೊಂದೇ ಬಿಡ್ತೀವಿ. ಯಾರ ಸಲುವಾಗಿ ನಿಲ್ತೈತಿ ಇದು? ನೀನು ಅಲ್ಲಿ ನಿಲ್ತಿ ಏನು?’

‘ಇಲ್ಲ,’ ಎಂದೆ. ‘ಇನ್ನೊಮ್ಮಿ ಬಿಡು.’

ಅವಳು ಬಿಟ್ಟಳು. ಚುಕ್ಕೆ ಬಂತು, ಅಂಚಿಗೆ ಸರಿಯಿತು, ನಿಂತಿತು. ಅದು ಸರಿಯುವ ರೀತಿ ನನಗೆ ಗೊತ್ತಿತ್ತು. ಮೊದಲು ಸ್ವಲ್ಪ ಒಳಕ್ಕೆ, ಆಮೇಲೆ ಒಮ್ಮೆಲೇ ಹೊರಕ್ಕೆ. ಮಂದಿಯೊಳಗೆ ನಡೆದು ಹೋಗುವವನನ್ನು ಬೆನ್ನು ನೋಡಿಯೇ ಗುರುತು ಹಿಡಿಯುವುದಿಲ್ಲವೇ, ಹಾಗೆ.

ಅಣ್ಣ ನನಗೆ ಗಾಡಿ ಕಲಿಸಿದ್ದು ಇದೇ ಗುಡ್ಡದಲ್ಲಿ. ಬೆಳಗಾಗುತ್ತಲೇ ಇಬ್ಬರೂ ಎರಡು ಗಾಡಿ ಮೇಲಕ್ಕೆ ಒಯ್ಯುತ್ತಿದ್ದೆವು. ಇಳಿಯುವಾಗ ಅವನು ಮುಂದೆ, ನಾನು ಹಿಂದೆ. ಮೂರನೆಯ ತಿರುವಿನಲ್ಲಿ ದಾರಿ ಒಮ್ಮೆಲೇ ಮುರಿಯುತ್ತದೆ, ಹೊಸಬರಿಗೆ ಕಾಣುವುದೇ ಇಲ್ಲ. ಅದಕ್ಕಾಗಿ ಅವನು ಗಾಡಿಯನ್ನು ಹೊರಗಿನ ಅಂಚಿಗೆ ತೆಗೆದು ನಿಲ್ಲುತ್ತಿದ್ದ. ಅವನ ಹಿಂದಿನ ಕೆಂಪು ದೀಪ ಕಂಡ ಕೂಡಲೇ ನಾನು ಬ್ರೇಕ್ ಒತ್ತಬೇಕು. ನಾನು ಬಂದದ್ದು ಕನ್ನಡಿಯಲ್ಲಿ ಕಂಡರೆ ಕಿಟಕಿಯಿಂದ ಕೈ ಹೊರಗೆ ಹಾಕಿ, ಬಾ ಎಂದು ಬೀಸಿ, ಹೊರಡುತ್ತಿದ್ದ. ಉಳಿದ ಗಣಿಗಳಿಗೂ ಹಾಗೆಯೇ ಕರೆದೊಯ್ದು ಕುರುಡು ತಿರುವುಗಳಲ್ಲೆಲ್ಲ ನಿಂತು ತೋರಿಸಿದ್ದ. ‘ನನ್ನ ದೀಪ ಕಾಣಲಾರದಂಗ ನೀ ಇಳದ ದಿನ, ನೀ ಕಲಿತಂಗ,’ ಎನ್ನುತ್ತಿದ್ದ.

ಆ ದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ನಾನು ಮೂರನೆಯ ತಿರುವಿಗೆ ಬಂದಾಗ ದೀಪ ಕಾಣಲಿಲ್ಲ. ಇವತ್ತು ನಿಂತಿಲ್ಲ, ನನಗೆ ಬರುತ್ತದೆ ಎಂದು ನಂಬಿ ಮುಂದೆ ಹೋಗಿದ್ದಾನೆ ಎಂದುಕೊಂಡೆ. ಎಷ್ಟು ಹಿಗ್ಗಾಯಿತೆಂದರೆ ಉಳಿದ ದಾರಿಯನ್ನು ನಾನು ಅದುವರೆಗೆ ಎಂದೂ ಓಡಿಸದಷ್ಟು ಚೆನ್ನಾಗಿ ಓಡಿಸಿದೆ. ಕೆಳಗೆ ಬಂದು ಚಹಾದ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಅವನ ಗಾಡಿ ಎಲ್ಲಿ ಎಂದು ಸುತ್ತ ನೋಡಿದೆ. ಅಂಚು ಮಳೆಗೆ ನೆನೆದು ಒಳಗೇ ಟೊಳ್ಳಾಗಿತ್ತಂತೆ. ಅವನು ನಿಂತ ಕೂಡಲೇ ಜಾರಿದೆ.

‘ಪಂಪಣ್ಣ ಏನು?’ ಎಂದಳು ತಸ್ಲೀಮ. ನನ್ನ ಮುಖ ನೋಡಿಯೇ ಅವಳಿಗೆ ತಿಳಿದಿತ್ತು.

‘ಅವನ ನೆರಳು ಅಳಿಸಿದ್ರಲ್ಲ?’

‘ಆ ವರ್ಷನ ಅಳಿಸಿದ್ರು. ನಾನಾ ಅಳಿಸೀನಿ.’ ಅವಳು ಪರದೆ ಆರಿಸಿದಳು. ‘ಅದಕ್ಕ ನಿನ್ನ ಕರದೆ. ಅವ ಎಲ್ಲಿಂದ ಬಂದ?’

ಮರುದಿನ ಅಭ್ಯಾಸಕ್ಕೆ ಹೊಸ ಗಾಡಿ ಕೊಟ್ಟರು. ದೊಡ್ಡ ರೇಸಿನ ಗಾಡಿಗಳಲ್ಲಿ ಜೊತೆಗೈ ಎಂಬುದಿರುತ್ತದೆ. ಚಾಲಕನ ನೆರಳನ್ನು ಗಾಡಿಯೊಳಗೇ ಇಟ್ಟಿರುತ್ತಾರೆ. ನೀವು ಬ್ರೇಕ್ ಒತ್ತುವ ಮೊದಲೇ ಬ್ರೇಕ್ ಬಿಗಿಯುತ್ತದೆ. ನೀವು ತಿರುಗಿಸುವ ಮೊದಲೇ ಸ್ಟೇರಿಂಗ್ ಹಗುರವಾಗುತ್ತದೆ. ತನ್ನ ಕೈಯ ಮೇಲೆ ತನ್ನದೇ ಕೈ ಇಟ್ಟಂತೆ ಎನ್ನುತ್ತಾರೆ ಓಡಿಸಿದವರು. ನನ್ನ ಹಳೆಯ ಸಣ್ಣ ಗಾಡಿಯ ಸ್ಟೇರಿಂಗನ್ನೇ ತೆಗೆದು ಇದಕ್ಕೆ ಜೋಡಿಸಿದ್ದರು.

ನನಗೆ ಹಾಗೆ ಅನ್ನಿಸಲಿಲ್ಲ. ಕೈಯ ಮೇಲೆ ಇದ್ದ ಕೈ ನನ್ನದಕ್ಕಿಂತ ದೊಡ್ಡದಿತ್ತು.

ಮೊದಲ ಎರಡು ತಿರುವುಗಳನ್ನು ಗಾಡಿ ನನಗಿಂತ ಚೆನ್ನಾಗಿ ದಾಟಿತು. ಮೂರನೆಯದು ಹತ್ತಿರ ಬಂದಾಗ ನಾನು ಸ್ಟೇರಿಂಗನ್ನು ಸಡಿಲ ಹಿಡಿದೆ. ಅದು ಮೊದಲು ಸ್ವಲ್ಪ ಒಳಕ್ಕೆ, ಆಮೇಲೆ ಒಮ್ಮೆಲೇ ಹೊರಕ್ಕೆ ತಿರುಗಿತು. ಕುಸಿದ ಅಂಚಿಗೆ ಈಗ ಕಲ್ಲಿನ ಕಟ್ಟೆ ಕಟ್ಟಿದ್ದಾರೆ. ಗಾಡಿಗೆ ಅದು ಗೊತ್ತಿರಲಿಲ್ಲ. ಕಟ್ಟೆಯಾಚೆ ಒಂದು ಗಾಡಿ ನಿಲ್ಲುವಷ್ಟು ನೆಲ ಇನ್ನೂ ಇದೆ ಎಂದೇ ಅದು ಹೋಗುತ್ತಿತ್ತು. ಬಂಪರು ಕಲ್ಲಿಗೆ ತಾಗಿದಾಗ ನಾನು ಪೂರ್ತಿ ಬ್ರೇಕ್ ಒತ್ತಿದೆ.

ಎಂಜಿನ್ ನಡುಗುತ್ತಿತ್ತು. ಮುಂದೆ ಬರೀ ಆಕಾಶ. ಕನ್ನಡಿಯಲ್ಲಿ ಖಾಲಿ ದಾರಿ, ನಾನೇ ಎಬ್ಬಿಸಿದ ದೂಳು. ಒಂದು ಉಸಿರಿನಷ್ಟು ಹೊತ್ತಾದ ಮೇಲೆ ಸ್ಟೇರಿಂಗ್ ತಾನಾಗಿ ನೆಟ್ಟಗಾಯಿತು, ಹೊರಡೋಣ ಎಂಬಂತೆ. ನಾನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

ಆಗ ನನಗೆ ಹೊಳೆಯಿತು. ಅವನು ಕನ್ನಡಿ ನೋಡಿ ಹೊರಡುತ್ತಿದ್ದದ್ದು ನಾನು ಬಂದದ್ದು ಕಂಡ ಮೇಲೆ. ಈ ನೆರಳಿನ ಕನ್ನಡಿಯಲ್ಲಿ ಯಾರೂ ಇಲ್ಲ. ಅದು ನಿಲ್ಲುತ್ತದೆ, ನಾನು ಬರುವುದಿಲ್ಲ, ಹೊರಡುತ್ತದೆ. ಮುಂದಿನ ಗಣಿಯಲ್ಲಿ ಮತ್ತೆ ನಿಲ್ಲುತ್ತದೆ. ಲೆಕ್ಕದ ಕೋಣೆಯಲ್ಲಿ ಅವನು ಹತ್ತು ಸಾವಿರ ಹಂಗಾಮು ನಿಂತಿದ್ದಾನೆ. ಒಂದು ಸಲವೂ ನಾನು ಬಂದಿಲ್ಲ.

ಶೆಡ್ಡಿಗೆ ಗಾಡಿ ತಂದು ಸ್ಟೇರಿಂಗಿನ ಕೈಪಟ್ಟಿ ಬಿಚ್ಚಿದೆ. ಅದು ಬೇರೆಯವರದ್ದಕ್ಕಿಂತ ದಪ್ಪವಿತ್ತು. ಸಣ್ಣ ಕೈಗೆ ಹಿಡಿಯಲು ಅನುಕೂಲವಾಗಲಿ ಎಂದು ಹಾಗೆ ಸುತ್ತಿದ್ದಾರೆ ಎಂದು ಒಂದು ವರ್ಷ ಅಂದುಕೊಂಡಿದ್ದೆ. ಹೊಸ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಇತ್ತು. ಹಳೆಯದು. ಕೆಂಪು ಮಣ್ಣು ಹೊಲಿಗೆಯೊಳಗೆ ಕೂತಿತ್ತು. ತುದಿಗೆ ಅರಿಸಿನದ ದಾರ.

ಸುತ್ತಿಟ್ಟ ಹಳೆಯ ಪಟ್ಟಿಯನ್ನು ತಂದು ಅವ್ವನ ಮುಂದಿಟ್ಟೆ. ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

‘ಬಿಚ್ಚಿದೇನು?’ ಎಂದಳು.

‘ಯಾವಾಗ ಸುತ್ತಿದ್ದಿ?’

‘ನಿನಗ ಗಾಡಿ ಕೊಟ್ಟ ದಿನ. ಪೂಜಿ ಮಾಡಾಕ ಅಂತ ಬಂದಿದ್ದೆನಲ್ಲ, ಆಗ.’ ಅವಳು ಸೆರಗಿನಿಂದ ಪಟ್ಟಿಯ ಮಣ್ಣು ಒರೆಸಿದಳು. ‘ಪಂಪನ ಗಾಡಿ ಗುಜರಿಗಿ ಹೋಗೋ ಮುಂದ ನಾನಾ ಬಿಚ್ಚಿ ತಂದಿದ್ದೆ. ನಿಮ್ಮಪ್ಪ ಲಾರಿ ಮಾರಿದಾಗ ಸ್ಟೇರಿಂಗ್ ಬಟ್ಟಿ ಬಿಚ್ಚಿ ಪಂಪನ ಗಾಡಿಗಿ ಸುತ್ತಿದ್ದಿಲ್ಲೇನು? ಲಾರಿ ಮಾರಬೌದು. ಕೈ ಮಾರ್ತಾರೇನು ಯಾರಾದ್ರೂ? ಎಲ್ಲಾ ಲಾರ್‍ಯಾಗೂ ಹಂಗ ಮಾಡ್ತಿದ್ರು. ಮಕ್ಕಳಿಗಿ ಹೆದರಿಕಿ ಬರಬಾರದಂತ.’

ಅದು ನಿಜ. ಗಣಿ ಲಾರಿಗಳ ಮನೆಗಳಲ್ಲಿ ಹಳೆಯ ಸ್ಟೇರಿಂಗಿನ ಬಟ್ಟೆಯನ್ನು ಯಾರೂ ಬಿಸಾಡುತ್ತಿರಲಿಲ್ಲ. ಮುಂದಿನ ಲಾರಿಗೆ ಒಳಸುತ್ತಾಗಿ ಸುತ್ತಿ, ಮೇಲೆ ಹೊಸದನ್ನು ಸುತ್ತುತ್ತಿದ್ದರು. ಈ ಪಟ್ಟಿ ನೆನಪಿಟ್ಟುಕೊಳ್ಳುವ ಪಟ್ಟಿ ಎಂಬುದೊಂದೇ ವ್ಯತ್ಯಾಸ. ಅಣ್ಣನ ಕೊನೆಯ ಮಳೆಗಾಲದ ಅಭ್ಯಾಸವೆಲ್ಲ ಅದರಲ್ಲೇ ಉಳಿದಿತ್ತು. ನನ್ನ ಗಾಡಿಗೆ ಬಂದ ಮೇಲೆ ಅದು ತನ್ನಲ್ಲಿದ್ದದ್ದನ್ನೆಲ್ಲ ಯಂತ್ರಕ್ಕೆ ಒಪ್ಪಿಸಿತು. ನನ್ನದು ಒಂದೇ ಹಂಗಾಮಾಗಿತ್ತು, ಯಂತ್ರಕ್ಕೆ ಎರಡು ಬೇಕಿತ್ತು. ಕೊರತೆ ತುಂಬಿದ್ದರಿಂದ ಯಾರೂ ತಿರುಗಿ ನೋಡಲಿಲ್ಲ.

‘ಅವ್ವ, ಆ ನಾಕನೇದು ನಂದಲ್ಲ. ಅವನದು.’

‘ನನಗೊತ್ತೈತಿ,’ ಎಂದಳು ಅವ್ವ. ‘ಅವ ನಿನ್ನ ಕೈ ಹಿಡಕಂಡಾನ. ಹಿಡಕೊಳ್ಳಿ ಬಿಡು. ನಿನಗೇನು ಭಾರ?’

‘ಮೂರನೇ ತಿರುವಿನಾಗ ಅಂಚಿಗಿ ಒಯ್ತಾನವ್ವ. ಅಲ್ಲಿ ನೆಲ ಇಲ್ಲಂತ ಅವನಿಗಿ ಗೊತ್ತಿಲ್ಲ.’

ಅವ್ವ ಪಟ್ಟಿಯನ್ನು ಮಡಿಲಿಗೆ ಹಾಕಿಕೊಂಡು, ಮತ್ತೆ ಮೊರ ಎತ್ತಿಕೊಂಡಳು. ಜೋಳ ಕೇರುವ ಸದ್ದು ಬಹಳ ಹೊತ್ತು ಕೇಳಲಿಲ್ಲ.

ಕೊಟ್ರೇಶಣ್ಣನಿಗೆ ಹೇಳಿದಾಗ ಅವನು ಕುರ್ಚಿ ಎಳೆದುಕೊಂಡು ಕೂತ. ಕೆಟ್ಟವನಲ್ಲ ಅವನು. ಅಣ್ಣನನ್ನು ಆಳದಿಂದ ಮೇಲೆ ತಂದವರಲ್ಲಿ ಅವನೂ ಒಬ್ಬ.

‘ಇದು ಯಾರ್‍ಯಾರಿಗಿ ಗೊತ್ತೈತಿ?’

‘ತಸ್ಲೀಮಗ. ನಮ್ಮವ್ವಗ. ನನಗ.’

‘ಮೂರು ಮಂದಿ, ಮೂರೂ ಹೆಣ್ಮಕ್ಕಳು. ಅಂದ್ರ ಸಂಜಿತನಕ ಟೈಮೈತಿ,’ ಎಂದು ನಗಲು ನೋಡಿದ. ನಾನು ನಗಲಿಲ್ಲ. ಅವನೂ ಬಿಟ್ಟ. ‘ನೋಡು ತಂಗಿ. ಕರಡಿಗುಡ್ಡದಾಗ ಆ ತಿರುವು ಬಂದಾಗ ಜೊತೆಗೈ ಬಂದ್ ಮಾಡಿದ್ರಾತು. ಒಂದು ಗುಂಡಿ ಒತ್ತೂದು, ಅಷ್ಟ. ಉಳದ ಕಡಿ ಅವ ನಿಂತ್ರ ನಿಲ್ಲಲಿ ಬಿಡು. ನಾಕನೇದಂತ ಊರಿಗೆಲ್ಲಾ ಗೊತ್ತಾಗೈತಿ. ನಿಂದಷ್ಟಾ ಇಟ್ಕಂಡು ಮತ್ತ ಲೆಕ್ಕಾ ಹಾಕಿದ್ರ ಎಷ್ಟನೇದು ಬರ್ತಿ, ಕೇಳಿದೇನು?’

‘ಹನ್ನೊಂದು ಅಂದ್ಲು ತಸ್ಲೀಮ.’

‘ಹತ್ತು ಗಾಡಿ ಅದಾವು.’

‘ಗೊತ್ತೈತಿ ಅಣ್ಣ.’

‘ಹಂಗಾರ ಎದಕ್ಕ ಬೇ? ಸತ್ತೋರು ಒಂದು ಕೈ ಕೊಡ್ತೀನಂದ್ರ ಯಾರರ ಬ್ಯಾಡಂತಾರೇನು?’

ಪಟ್ಟಿ ಇಟ್ಟುಕೊಂಡರೆ ಸೀಟು ಇರುತ್ತದೆ, ಅವನೂ ಇರುತ್ತಾನೆ. ಪಟ್ಟಿ ಕೊಟ್ಟುಬಿಟ್ಟರೆ ಎರಡೂ ಹೋಗುತ್ತವೆ. ಆದರೆ ಅವನು ಇರುವುದು ಹೇಗೆ ಎಂದು ನಾನು ನೋಡಿ ಬಂದಿದ್ದೆ. ಪ್ರತಿ ಕುರುಡು ತಿರುವಿನಲ್ಲೂ ನಿಂತು, ಹಿಂದೆ ಯಾರೂ ಬಾರದೆ, ಮುಂದಕ್ಕೆ ಹೋಗಿ. ಅದನ್ನು ನಾಲ್ಕನೆಯ ಸ್ಥಾನ ಎಂದು ಕರೆದು ನಾನು ಹೂವಿನ ಸರ ಹಾಕಿಕೊಳ್ಳಬೇಕು.

‘ಅವ ನನಗ ಕಾಯ್ತಾನಣ್ಣ,’ ಎಂದೆ. ‘ನಾನು ಬಂದೀನಂತ ಅವನಿಗಿ ಹೆಂಗ ಗೊತ್ತಾಗಬೇಕು?’

ಕೊಟ್ರೇಶಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. ಆಮೇಲೆ ಬಹಳ ಹೊತ್ತು ಅದನ್ನು ಹಾಕಿಕೊಳ್ಳಲಿಲ್ಲ.

ಲೆಕ್ಕದ ಕೋಣೆಗೆ ಅವ್ವನೂ ಬಂದಳು. ನಾನು ಕರೆದಿರಲಿಲ್ಲ. ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟು, ಪಟ್ಟಿಯನ್ನು ಹೊಸ ಟವೆಲಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ಬಂದಳು. ತಸ್ಲೀಮ ಎದ್ದು ತನ್ನ ಕುರ್ಚಿ ಕೊಟ್ಟಳು.

‘ಎರಡನ್ನೂ ಬ್ಯಾರೆ ಬ್ಯಾರೆ ಮಾಡೀನಿ ಅಮ್ಮಾ,’ ಎಂದಳು. ‘ಇದು ಹುಲಿಗಿದು, ಇದು ಅಣ್ಣಂದು. ಹುಲಿಗಿದು ಒಂದಾ ಹಂಗಾಮಿಂದು, ಇದ್ದಷ್ಟಾ ಮ್ಯಾಲ ಕಳಸಬೇಕು. ಅಣ್ಣಂದು ಅಳಸಬೇಕು, ಕಾಯ್ದೆ ಹಂಗೈತಿ. ಅಳಸೂಕಿಂತ ಮುಂಚೆ ನೋಡ್ತೀರೇನು?’

‘ಮಕಾ ಕಾಣ್ತೈತೇನವ್ವಾ?’

‘ಇಲ್ಲಮ್ಮಾ. ಬರೇ ಚುಕ್ಕಿ.’

‘ಆಗ್ಲಿ,’ ಎಂದಳು ಅವ್ವ.

ತಸ್ಲೀಮ ಮೊದಲು ನನ್ನದೊಂದನ್ನೇ ಬಿಟ್ಟಳು. ಅದು ನನ್ನ ಹಾಗೆಯೇ ಇಳಿಯಿತು, ಸ್ವಲ್ಪ ಅಂಜುತ್ತ. ಮೂರನೆಯ ತಿರುವಿನಲ್ಲಿ ಒಂದು ಚೂರು ತಡವರಿಸಿತು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು.

‘ಅಲ್ಲಿ ಎಕ್ಸಿಲೇಟರ್ ಮ್ಯಾಲಿಂದ ಕಾಲು ತೆಗಿತಿ ನೀನು,’ ಎಂದಳು ತಸ್ಲೀಮ. ‘ಪ್ರತಿ ಸಲ.’

‘ಇಲ್ಲ.’

‘ತೆಗಿತಿ 	ಹುಲಿಗಿ. ಎಡಗೈ ಸಡ್ಲ ಆಗ್ತೈತಿ, ಕಾಲು ಏಳ್ತೈತಿ. ಹೊರಗ ಏನೋ ನೋಡ್ತಿ. ಎಲ್ಲಾ ಕುರುಡು ತಿರುವಿನಾಗೂ. ನಿನ್ನ ಹನ್ನೊಂದನೇದಕ್ಕ ಒಯ್ದಿದ್ದು ಅದಾ.’

ದೀಪ ನೋಡುತ್ತಿದ್ದೆ. ಎರಡು ವರ್ಷದಿಂದ ಪ್ರತಿ ತಿರುವಿನಲ್ಲೂ ನಾನು ಕೆಂಪು ದೀಪ ನೋಡುತ್ತಿದ್ದೆ, ನನಗೇ ಗೊತ್ತಿಲ್ಲದ ಹಾಗೆ. ಅವನು ನಿಂತು ನನ್ನನ್ನು ಹುಡುಕುತ್ತಿದ್ದ. ನಾನು ಓಡುತ್ತ ಅವನನ್ನು ಹುಡುಕುತ್ತಿದ್ದೆ. ಇಬ್ಬರನ್ನೂ ಸೇರಿಸಿ ಒಂದೇ ನೆರಳು ಮಾಡಿದ್ದರಿಂದ ಇಬ್ಬರಿಗೂ ಇನ್ನೊಬ್ಬರು ಸಿಕ್ಕಿರಲಿಲ್ಲ.

‘ಎರಡನ್ನೂ ಕೂಡಿ ಬಿಡಾಕ ಬರ್ತೈತೇನು?’ ಎಂದೆ.

‘ಹಂಗ ಬಿಡೋ ಪದ್ಧತಿ ಇಲ್ಲ. ಲೆಕ್ಕಕ್ಕ ಹಿಡಿಯಂಗಿಲ್ಲ.’

‘ಲೆಕ್ಕಕ್ಕ ಬ್ಯಾಡ.’

ತಸ್ಲೀಮ ಬಾಗಿಲ ಕಡೆ ನೋಡಿದಳು. ಆಮೇಲೆ ಮೊದಲು ಅವನನ್ನು, ಸ್ವಲ್ಪ ಬಿಟ್ಟು ನನ್ನನ್ನು ಬಿಟ್ಟಳು.

ಕಪ್ಪು ಚುಕ್ಕೆ ಮುಂದೆ, ಸಣ್ಣ ಬೂದು ಚುಕ್ಕೆ ಹಿಂದೆ. ಮೂರನೆಯ ತಿರುವಿನಲ್ಲಿ ಕಪ್ಪು ಚುಕ್ಕೆ ಒಳಕ್ಕೆ, ಆಮೇಲೆ ಹೊರಕ್ಕೆ ಸರಿದು, ಗಾಳಿಯ ಮೇಲೆ ನಿಂತಿತು. ಅವ್ವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಒಂದು ಉಸಿರಿನಷ್ಟು ಹೊತ್ತು ಕಳೆಯಿತು. ಚುಕ್ಕೆ ಹೊರಡಲಿಲ್ಲ. ಬೂದು ಚುಕ್ಕೆ ತಿರುವು ಹಾದು ಬಂತು. ಅಲ್ಲಿ ಕಾಲು ತೆಗೆಯಿತು. ಕಪ್ಪು ಚುಕ್ಕೆಯ ಬೆನ್ನಿಗೆ ಬಂದು ನಿಧಾನವಾಯಿತು. ಆಮೇಲೆ ಎರಡೂ ಒಟ್ಟಿಗೆ ಹೊರಟು ಕೆಳಗಿನವರೆಗೆ ಹೋದವು.

ಮುಂದಿನ ಗಣಿಯಲ್ಲಿ ಕಪ್ಪು ಚುಕ್ಕೆ ಎಲ್ಲಿಯೂ ನಿಲ್ಲಲಿಲ್ಲ. ಬೂದು ಚುಕ್ಕೆ ಎಲ್ಲಿಯೂ ತಡವರಿಸಲಿಲ್ಲ. ಉಳಿದ ನಾಲ್ಕರಲ್ಲೂ ಹಾಗೆಯೇ. ತಸ್ಲೀಮ ಕೊನೆಯ ಸಾಲು ಓದಿ, ನನ್ನ ಕಡೆ ನೋಡಿದಳು. ಅವನು ಜೊತೆಗಿದ್ದರೆ ನಾನು ಎಷ್ಟನೆಯವಳು ಎಂದು ನಾನೂ ಕೇಳಲಿಲ್ಲ.

‘ಬಂದಳು ನೋಡಪಾ,’ ಎಂದಳು ಅವ್ವ, ಪರದೆಗೆ. ಟವೆಲಿನಲ್ಲಿ ಸುತ್ತಿದ ಪಟ್ಟಿಯನ್ನು ತಸ್ಲೀಮಳ ಕೈಗೆ ಕೊಟ್ಟಳು. ‘ಅಳಸವ್ವಾ. ಒಳಗಿಂದು ಅಳಸು, ಮ್ಯಾಲಿಂದು ನನಗ ಕೊಡು. ಬಟ್ಟಿ ಅಲ್ಲೇನು ಅದು? ಒಗಿತೀನಿ.’

ಮುನ್ನೋಟ ತಿದ್ದುಪಡಿಯಾಗಿ ಮತ್ತೆ ಹೊರಬಿತ್ತು. ಯಂತ್ರದಲ್ಲಿ ದೋಷ ಎಂದಷ್ಟೇ ಬರೆದಿದ್ದರು. ಹುಲಿಗೆಮ್ಮ, ಹನ್ನೊಂದು. ಬಾಗಿಲಿನ ಚೆಂಡುಹೂವು ಅಷ್ಟರಲ್ಲಿ ಒಣಗಿತ್ತು, ತೆಗೆಯುವುದು ಕಷ್ಟವಾಗಲಿಲ್ಲ. ಶೆಡ್ಡಿನಲ್ಲಿ ಯಾರೂ ದಾರಿ ಬಿಡಲಿಲ್ಲ.

ಒಂದು ವಾರ ಕಳೆದು ಕೊಟ್ರೇಶಣ್ಣ ಮನೆಗೆ ಬಂದ. ‘ದಾರಿ ತೆರಿಯೋ ಗಾಡಿ ಐತಿ,’ ಎಂದ. ರೇಸಿಗೆ ಮೊದಲು ಖಾಲಿ ದಾರಿಯಲ್ಲಿ ಒಂದು ಗಾಡಿ ಇಳಿದು, ಕಲ್ಲು ಬಿದ್ದಿದೆಯೇ, ಅಂಚು ಗಟ್ಟಿಯಿದೆಯೇ ಎಂದು ನೋಡಿ ಹೇಳುತ್ತದೆ. ‘ಅದಕ್ಕ ಮುನ್ನೋಟ ಬ್ಯಾಡ, ಗಡಿಯಾರ ಬ್ಯಾಡ. ಜನ ಚಪ್ಪಾಳಿ ಹೊಡಿಯಂಗಿಲ್ಲ. ಆರೂ ಗಣ್ಯಾಗ ಓಡಸ್ಬೇಕು. ಒಲ್ಲೆ ಅಂದ್ರ ಇಲ್ಲೇ ಹೇಳಿಬಿಡು, ಚಾ ಕುಡದು ಹೋಗ್ತೀನಿ.’

‘ಒಲ್ಲೆ ಅನ್ನಲ್ಲ,’ ಎಂದೆ.

‘ಹಂಗಾರೂ ಚಾ ಕುಡಿತೀನಿ,’ ಎಂದ.

ಹಂಗಾಮಿನ ಮೊದಲ ರೇಸು ಕರಡಿಗುಡ್ಡದಲ್ಲೇ ಇತ್ತು. ಬೆಳಗಿನ ಬಿಸಿಲು ಗುಡ್ಡದ ಮೇಲಿನ ಮೆಟ್ಟಿಲಿಗೆ ಮಾತ್ರ ಬಿದ್ದಿತ್ತು. ದಾರಿ ತೆರೆಯುವ ಗಾಡಿಗೆ ಜೊತೆಗೈ ಇರಲಿಲ್ಲ. ಸ್ಟೇರಿಂಗಿಗೆ ಅವ್ವ ಹಳೆಯ ಪಟ್ಟಿಯನ್ನು ಒಳಸುತ್ತಾಗಿ ಸುತ್ತಿ, ಅದರ ಮೇಲೆ ಹೊಸ ಪಟ್ಟಿ ಸುತ್ತಿದ್ದಳು. ಹಳೆಯದು ಈಗ ಬರೀ ಬಟ್ಟೆ. ಸೀಗೆಕಾಯಿಯಲ್ಲಿ ಒಗೆದದ್ದರ ವಾಸನೆ ಇನ್ನೂ ಬರುತ್ತಿತ್ತು. ಸ್ಟೇರಿಂಗ್ ನಾನು ತಿರುಗಿಸಿದರೆ ತಿರುಗಿತು, ಬಿಟ್ಟರೆ ಸುಮ್ಮನಿತ್ತು. ನನ್ನ ಕೈಯ ಮೇಲೆ ಯಾವ ಕೈಯೂ ಇರಲಿಲ್ಲ.

ಮೂರನೆಯ ತಿರುವು ಬಂತು. ನಾನು ಗಾಡಿಯನ್ನು ಮೊದಲು ಸ್ವಲ್ಪ ಒಳಕ್ಕೆ, ಆಮೇಲೆ ಹೊರಕ್ಕೆ ತೆಗೆದೆ. ಕಟ್ಟೆಯ ಪಕ್ಕದಲ್ಲಿ ನಿಲ್ಲಿಸಿದೆ. ಹಿಂದಿನ ದೀಪ ಉರಿಯುವಂತೆ ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಕೂತೆ.

ರೇಡಿಯೋದಲ್ಲಿ ತಸ್ಲೀಮಳ ದನಿ ಬಂತು. ‘ಯಾಕ ನಿಂತಿ? ಕಲ್ಲು ಬಿದ್ದಾವೇನು?’

‘ಇಲ್ಲ. ದಾರಿ ನೋಡಾಕತ್ತೀನಿ.’

ಕನ್ನಡಿಯಲ್ಲಿ ನಾನು ಎಬ್ಬಿಸಿದ ದೂಳು ಬಿಸಿಲಿಗೆ ಕೆಂಪಗೆ ನಿಂತಿತ್ತು. ಅದು ಕೂರುವವರೆಗೆ ನೋಡಿದೆ. ಆಮೇಲೆ ಕಿಟಕಿಯಿಂದ ಕೈ ಹೊರಗೆ ಹಾಕಿ, ಬಾ ಎಂದು ಬೀಸಿದೆ.

‘ಹುಲಿಗಿ,’ ಎಂದಳು ತಸ್ಲೀಮ. ಅವಳ ದನಿ ಬದಲಾಗಿತ್ತು. ‘ಹೊಸಾ ಪಟ್ಟಿ ಚಾಲೂ ಐತಿ. ನೀ ನಿಂತಿದ್ದು ಅದರಾಗ ಉಳಿತೈತಿ. ಮುಂದಿನ ವರ್ಷ ನಿನ್ನ ನೆರಳೂ ಇಲ್ಲಿ ನಿಲ್ತೈತಿ. ಯಾರ ಸಲುವಾಗಿ ಅಂತ ಕೇಳ್ತಾರ.’

‘ಉಳಿಲಿ,’ ಎಂದೆ.

ಬ್ರೇಕಿನಿಂದ ಕಾಲು ತೆಗೆದು, ಗಾಡಿಯನ್ನು ದಾರಿಗೆ ತಂದೆ. ಕೆಳಗೆ ಜನ ಸೇರುತ್ತಿದ್ದರು.